ರೋಬೋಗೆ ಎರಡು ಎಡಗೈ

"ಕೀ ಬಿಡ್ತೀನಿ, ಸರಿಯಾಗಿ ನೋಡ್ತಿರು. ಒಂದು... ಎರಡು... ಮೂರು!"

ಬೋಲ್ಟು ಕೈ ತೆಗೆದಳು. ರೋಬೋ ಬೆನ್ನಿನ ಕೀಲಿ ಕರಕರ ತಿರುಗಿತು. ಎಡಗೈ ಟಕ್ಕನೆ ಮಡಚಿ ಎದೆಯ ಮುಂದೆ ಬಂತು. ಬಲಗೈ ಮಾತ್ರ ಹಿಂದಕ್ಕೆ ಮಡಚಿಕೊಂಡು ಬೆನ್ನಿಗೆ ಹೋಯಿತು. ಟಕ್, ಟಕ್, ಟಕ್. ಚಪ್ಪಾಳೆ ತಟ್ಟಬೇಕಾದ ರೋಬೋ ನಿಂತಲ್ಲೇ ಬೆನ್ನು ಕೆರೆದುಕೊಳ್ಳುತ್ತಿತ್ತು!

ಹೊಲಿಗೆ ಮೆಷಿನ್ ಮುಂದೆ ಕೂತಿದ್ದ ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯೋ ಪಾಪ, ಅದಕ್ಕೂ ಸೆಕೆ ಅಂತ ಕಾಣುತ್ತೆ!"

ಬೋಲ್ಟುಗೆ ನಗು ಬರಲಿಲ್ಲ. ತಂಗಿ ನಟ್ಟುವೂ ನಗಲಿಲ್ಲ.

ಬೋಲ್ಟು ಐದನೇ ಕ್ಲಾಸು, ನಟ್ಟು ಮೂರನೇ ಕ್ಲಾಸು. ಹೆಸರಿಟ್ಟಿದ್ದು ಮೆಕ್ಯಾನಿಕ್ ಅಪ್ಪ. ನಿಜವಾದ ಹೆಸರುಗಳು ಸ್ಕೂಲಿನ ಹಾಜರಿ ಪುಸ್ತಕದಲ್ಲಿ ಮಾತ್ರ ಇದ್ದವು.

ಅವರು ಕಟ್ಟುತ್ತಿದ್ದದ್ದು ಟಿವಿ ಕಾರ್ಟೂನಿನ ರೋಬೋ. ಮೊಣಕಾಲೆತ್ತರ, ಒಟ್ಟು ನಲವತ್ತೊಂದು ಪ್ಲಾಸ್ಟಿಕ್ ಭಾಗಗಳು. ಎಲ್ಲವನ್ನೂ ತ್ರೀಡಿ ಪ್ರಿಂಟಿಂಗ್ ಅಂಗಡಿಯಲ್ಲಿ ಮಾಡಿಸಿದ್ದರು. ಸೋಮವಾರ ಸ್ಕೂಲಿನಲ್ಲಿ ವಿಜ್ಞಾನ ಪ್ರದರ್ಶನ. "ನಮ್ಮ ರೋಬೋ ಚಪ್ಪಾಳೆ ತಟ್ಟುತ್ತೆ, ಥೇಟ್ ಟಿವೀಲಿ ಇರೋ ಹಾಗೇ!" ಎಂದು ಬೋಲ್ಟು ಇಡೀ ಕ್ಲಾಸಿಗೆ ಡಂಗುರ ಹೊಡೆದಿದ್ದಳು. ವಿಜ್ಞಾನದ ಟೀಚರ್ ಬಾಗಿಲ ಪಕ್ಕದ ಮೊದಲ ಟೇಬಲನ್ನೇ ಅವರಿಗೆ ಕೊಟ್ಟಿದ್ದರು. ಇವತ್ತು ಆಗಲೇ ಶನಿವಾರ.

"ಏನಿಲ್ಲ, ಸ್ಕ್ರೂ ಲೂಸಾಗಿದೆ ಅಷ್ಟೇ," ಎಂದಳು ಬೋಲ್ಟು. ಕೈ ಬಿಚ್ಚಿದಳು, ಹಾಕಿದಳು. ಮತ್ತೆ ಬಿಚ್ಚಿದಳು. ಹೆಬ್ಬೆರಳು ಮುಂದೆ ಬರುವ ಹಾಗೆ ಹಿಡಿದರೆ ಭುಜದ ಗೂಟ ಹೊರಗಡೆ ಉಳಿಯುತ್ತಿತ್ತು. ಗೂಟವನ್ನು ಭುಜಕ್ಕೆ ಸೇರಿಸಿದರೆ ಮೊಣಕೈ ಹಿಂದಕ್ಕೆ ಮಡಚುತ್ತಿತ್ತು.

"ಅಕ್ಕಾ, ಅದು..." ಎಂದಳು ನಟ್ಟು.

"ಸುಮ್ನಿರೆ, ತಲೆ ತಿನ್ಬೇಡ."

ನಟ್ಟು ಸುಮ್ಮನಾದಳು. ಅದು ಅವಳಿಗೆ ಚೆನ್ನಾಗಿ ಅಭ್ಯಾಸವಾಗಿತ್ತು.

ಅಮ್ಮ ಎದ್ದು ಬಂದು ಎರಡು ಕೈಗಳನ್ನೂ ಅಕ್ಕಪಕ್ಕ ಹಿಡಿದು ನೋಡಿದರು. "ಎರಡೂ ಎಡಗೈ ಕಣೇ ಇವು."

"ಹಾಗೆಲ್ಲ ಇರಲ್ಲಮ್ಮ!"

"ನನಗೇ ಹೇಳಿಕೊಡ್ತೀಯಾ? ಟೈಲರಿಂಗ್ ಕಲಿಯೋವಾಗ ನಾನೂ ಇದೇ ಎಡವಟ್ಟು ಮಾಡಿದ್ದೆ. ಪೇಪರ್ ಅಳತೆ ಇಟ್ಟು ಒಂದು ತೋಳು ಕತ್ತರಿಸ್ದೆ. ಇನ್ನೊಂದಕ್ಕೆ ಪೇಪರ್ ಮಗುಚಿ ಇಡಬೇಕಿತ್ತು. ಮರೆತು ಹಾಗೇ ಇಟ್ಟೆ. ಆ ಶರ್ಟ್ ಹಾಕ್ಕೊಂಡೋರಿಗೆ ಕೈ ಎತ್ತೋಕೇ ಆಗಲಿಲ್ಲ!"

ಬೋಲ್ಟು ಎದ್ದು ನಿಂತಳು. ಅವಳಿಗೆ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತಿತ್ತು. "ಹಾಗಾದ್ರೆ ತಪ್ಪು ಅಂಗಡಿ ಆಂಟೀದು! ಈಗ್ಲೇ ಹೋಗಿ ಕೇಳ್ತೀನಿ."

ಅಂಗಡಿ ಎರಡು ಬೀದಿ ಆಚೆ ಇತ್ತು. ಬೋಲ್ಟು ದಾಪುಗಾಲು ಹಾಕುತ್ತಾ ಹೊರಟಳು. ಕೈಗಳಿದ್ದ ಚೀಲ ಹಿಡಿದು ನಟ್ಟು ಹಿಂದೆ ಓಡಿದಳು.

ಒಳಗೆ ಮೂರು ಪ್ರಿಂಟರುಗಳು ಗುಂಯ್ ಎನ್ನುತ್ತಿದ್ದವು. ಅವುಗಳ ಮೂತಿಯಿಂದ ಕರಗಿದ ಪ್ಲಾಸ್ಟಿಕ್ ದಾರದಂತೆ ಇಳಿದು ಪದರದ ಮೇಲೆ ಪದರ ಕೂರುತ್ತಿತ್ತು. ಆಂಟಿ ಮೇಜಿನ ಹಿಂದೆ ಕೂತು ಯಾವುದೋ ಚಕ್ರಕ್ಕೆ ಅಂಟಿದ ಪ್ಲಾಸ್ಟಿಕ್ ಚೂರುಗಳನ್ನು ಇಕ್ಕಳದಿಂದ ಕೀಳುತ್ತಿದ್ದರು.

"ಆಂಟಿ, ನೀವು ಎರಡೂ ಎಡಗೈಯೇ ಕೊಟ್ಟಿದ್ದೀರಿ! ಮಕ್ಕಳು ತಾನೇ, ಏನು ಗೊತ್ತಾಗುತ್ತೆ ಅಂದ್ಕೊಂಡ್ರಾ?"

ಆಂಟಿ ಸಿಟ್ಟಾಗಲಿಲ್ಲ. "ಚೀಟಿ ನೋಡೋಣ ತಡಿಯಮ್ಮ. ಚೀಟೀಲಿ ಏನಿದೆಯೋ ಅದನ್ನೇ ನಾನು ಮಾಡೋದು, ಹೆಚ್ಚಿಲ್ಲ, ಕಮ್ಮಿಯಿಲ್ಲ." ಗೋಡೆಯ ತಂತಿಗೆ ಚುಚ್ಚಿದ್ದ ಚೀಟಿಗಳಲ್ಲಿ ಒಂದನ್ನು ತೆಗೆದು ಮೇಜಿನ ಮೇಲಿಟ್ಟರು.

ದುಂಡನೆಯ ಅಕ್ಷರದಲ್ಲಿ 'ಎಡಗೈ 1, ಬಲಗೈ 1' ಎಂದಿತ್ತು. ಅದರ ಮೇಲೆ ಅಡ್ಡಕ್ಕೆ ದಪ್ಪ ಗೆರೆ. ಕೆಳಗೆ ದೊಡ್ಡದಾಗಿ 'ಕೈ 2'.

"ಇದು ಯಾರ ಅಕ್ಷರ?" ಆಂಟಿ ಕೇಳಿದರು.

ಬೋಲ್ಟುಗೆ ಎಲ್ಲ ನೆನಪಾಯಿತು. ಹೋದ ಶನಿವಾರ ಇದೇ ಮೇಜಿನ ಹತ್ತಿರ ನಟ್ಟು ಚೀಟಿ ಬರೆಯುತ್ತಿದ್ದಳು. "ಕೈಗಿರೋದು ಒಂದೇ ಡಿಸೈನ್ ಅಲ್ವೇನೇ? ಉದ್ದುದ್ದ ಯಾಕೆ ಬರೀತೀಯಾ?" ಎಂದು ಪೆನ್ನು ಕಿತ್ತುಕೊಂಡದ್ದು ತಾನೇ. ಗೆರೆ ಎಳೆದದ್ದೂ ತಾನೇ.

ಅವಳ ಕಿವಿ ಬಿಸಿಯಾಯಿತು. 'ನಾನು ಅವತ್ತೇ ಬರೆದಿದ್ನಲ್ಲ' ಎಂದು ನಟ್ಟು ಈಗ ಹೇಳುತ್ತಾಳೆ ಎಂದು ಕಾದಳು. ತಾನಾಗಿದ್ದರೆ ಹತ್ತು ಸಲ ಹೇಳಿರುತ್ತಿದ್ದಳು. ಆದರೆ ನಟ್ಟು ಪ್ರಿಂಟರನ್ನೇ ನೋಡುತ್ತಿದ್ದಳು. ಬೈಸಿಕೊಂಡಿದ್ದರೂ ಬೋಲ್ಟುಗೆ ಇಷ್ಟು ಬೇಜಾರಾಗುತ್ತಿರಲಿಲ್ಲ.

"ಸಾರಿ ಆಂಟಿ. ತಪ್ಪು ನಿಮ್ದಲ್ಲ, ನಂದು."

"ಇರ್ಲಿ ಬಿಡು. ಕಂಪ್ಯೂಟರಲ್ಲಿ ಮಿರರ್ ಬಟನ್ ಒತ್ತಿದ್ರೆ ಆಯ್ತು, ಕನ್ನಡೀಲಿ ಕಾಣೋ ಹಾಗೆ ಎಡಗೈ ಬಲಗೈ ಆಗುತ್ತೆ. ಪ್ರಿಂಟಾಗೋಕೆ ಆರು ಗಂಟೆ ಬೇಕು. ನಾಳೆ ಬೆಳಗ್ಗೆ ಬಂದು ತಗೊಳ್ಳಿ." ಆಂಟಿ ಹೊಸ ಚೀಟಿ ಕೊಟ್ಟರು. "ಬೇರೆ ಏನಾದ್ರೂ ಬೇಕಿದ್ರೆ ಈಗ್ಲೇ ಬರೀರಿ. ನಾಳೆ ಹತ್ತಕ್ಕೆಲ್ಲ ಅಂಗಡಿ ಮುಚ್ತೀನಿ."

ಬೋಲ್ಟು 'ಬಲಗೈ 1' ಎಂದು ಬರೆದಳು. "ಅಷ್ಟೇ, ಇನ್ನೇನೂ ಇಲ್ಲ," ಎಂದು ಚೀಟಿ ಕೊಡಲು ಹೋದವಳು ತಡೆದು ನಿಂತಳು. ತಂಗಿಯ ಕಡೆ ತಿರುಗಿದಳು.

"ಇನ್ನೇನಾದ್ರೂ ಇದೆಯೇನೇ?"

ಅಕ್ಕ ನಿಜವಾಗಿಯೂ ಕೇಳುತ್ತಿದ್ದಾಳೋ, ಸುಮ್ಮನೆ ಕೇಳುತ್ತಿದ್ದಾಳೋ ಎಂದು ನಟ್ಟು ಅವಳ ಮುಖ ನೋಡಿದಳು. "ಹೇಳ್ಲಾ?"

"ಹೇಳೇ."

"ಕತ್ತಿನ ರಿಂಗು ಬಿರುಕು ಬಿಟ್ಟಿದೆ. ಕೀ ಫುಲ್ ತಿರುಗಿಸಿದ್ರೆ ತಲೆ ಬಿದ್ದೋಗುತ್ತೆ."

"ಏನು! ಯಾವಾಗ ನೋಡ್ದೆ?"

"ಮಂಗಳವಾರ."

"ಮಂಗಳವಾರಾನಾ? ಮತ್ತೆ ಯಾಕೆ ಹೇಳ್ಲಿಲ್ಲ?"

ನಟ್ಟು ಚೀಲದ ಹಿಡಿಯನ್ನು ಬೆರಳಿಗೆ ಸುತ್ತುತ್ತಾ ನಿಂತಳು.

ಬೋಲ್ಟು ಮತ್ತೊಮ್ಮೆ ಕೇಳಲಿಲ್ಲ. ಮಂಗಳವಾರ ನಟ್ಟು ರೋಬೋ ಕತ್ತಿಗೆ ಬೆರಳು ತೋರಿಸಿ ಬಾಯಿ ತೆರೆದದ್ದು ನೆನಪಾಯಿತು. 'ಮುಟ್ಬೇಡ, ನಿಂಗೇನೂ ಗೊತ್ತಾಗಲ್ಲ' ಎಂದು ತಾನು ಅಂದದ್ದೂ ನೆನಪಾಯಿತು.

ಮೂಲೆಯಲ್ಲಿದ್ದ ಸ್ಟೂಲನ್ನು ಅವಳು ಮೇಜಿನ ಹತ್ತಿರಕ್ಕೆ ಎಳೆದಳು. ಪೆನ್ನನ್ನು ತಂಗಿಯ ಕೈಗೆ ಕೊಟ್ಟಳು. "ಹತ್ತು. ನೀನೇ ಬರಿ."

ನಟ್ಟು ಸ್ಟೂಲು ಹತ್ತಿ ಕೂತು, ನಾಲಿಗೆ ತುದಿ ಹೊರಗೆ ಹಾಕಿ ನಿಧಾನವಾಗಿ ಬರೆಯತೊಡಗಿದಳು. ಯಾವ ರಿಂಗು, ಎಷ್ಟು ದಪ್ಪ, ಯಾವ ಬಣ್ಣ. ಒಂದು ಸಾಲು ಮುಗಿದು ಎರಡನೆಯದು ಶುರುವಾಯಿತು. ಮೂರನೆಯದೂ ಬಂತು.

ಬೇಗ ಮುಗಿಸೇ ಎಂಬ ಮಾತು ಬೋಲ್ಟುವಿನ ನಾಲಿಗೆ ತುದಿಯವರೆಗೂ ಬಂತು. ಅವಳು ಅದನ್ನು ನುಂಗಿಕೊಂಡು, ಚೀಟಿ ಫ್ಯಾನಿನ ಗಾಳಿಗೆ ಹಾರದ ಹಾಗೆ ಎರಡು ಬೆರಳಲ್ಲಿ ಅದರ ಅಂಚನ್ನು ಒತ್ತಿ ಹಿಡಿದುಕೊಂಡಳು.