ಮೂರಕ್ಕೆ ಹೋದ ವಾರ್ತೆ

ದರ್ಬೆಯ ನಮ್ಮ ಕೇಬಲ್ ಚಾನೆಲಿನ ಹನ್ನೆರಡರ ವಾರ್ತೆಯ ಸಮಯ ಮಧ್ಯಾಹ್ನ ಮೂರಕ್ಕೆ ಹೋಯಿತು. ಕೊನೆಯಲ್ಲಿ ಊರಿನ ಸಾವಿನ ಸುದ್ದಿ ಓದುವವಳು ನಾನೇ. ಮೊದಲ ದಿನ ಹನ್ನೆರಡರ ಹೊತ್ತಿಗೆ ಬುತ್ತಿ ಬಿಚ್ಚಿದ್ದೆ. ಮರ್ಕಂಜದ ಪ್ರೇಮಾವತಿ ಎಂಬವರು ಫೋನಿನಲ್ಲಿ ಬೈದರು.

"ಎಂತ ಮಾರಾಯ್ರೆ, ನಮ್ಮ ಮಾವ ತೀರಿಕೊಂಡ್ರು ಅಂತ ಈಗ ಓದಿದ್ರಲ್ಲ? ಅವರಿಲ್ಲಿ ಗಂಜಿ ಉಣ್ತಾ ಇದ್ದಾರೆ!"

ನಾನು ಓದಿರಲೇ ಇಲ್ಲ. ಆಮೇಲೆ ಗಂಜಿಯ ಬಟ್ಟಲಿನ ಮುಂದೆಯೇ ಆ ಮಾವ ತೀರಿಕೊಂಡದ್ದನ್ನು ಮೂರಕ್ಕೆ ಓದಿದೆ.

ಅಂದಿನಿಂದ ದಿನಾ ಹನ್ನೆರಡಕ್ಕೆ ಪ್ರೇಮಾವತಿಯವರ ಟಿವಿಯಲ್ಲಿ ನಾನು ರೆಪ್ಪೆ ಬಡಿಯದೆ ಓದುತ್ತಿದ್ದೆನಂತೆ. ಅವರು ಫೋನ್ ಮಾಡಿ, ಮೂರರೊಳಗೆ ಸಾಯುವವರ ಹೆಸರು ಹೇಳುತ್ತಿದ್ದರು. ನಾನು ಯಾರನ್ನೂ ಎಚ್ಚರಿಸದೆ ಫೋಟೊ ಹುಡುಕಿಡುತ್ತಿದ್ದೆ. ಎಲ್ಲರಿಗಿಂತ ಮೊದಲು ಸುದ್ದಿ ನಮ್ಮದೇ.

ಇವತ್ತು, "ಯಾರು ಪ್ರೇಮಕ್ಕಾ?" ಅಂದೆ.

"ಇವತ್ತು ನೀವು ಓದ್ಲಿಲ್ಲ. ಪ್ರೀತಿಕಾ ಅಂತ ಹೊಸಬಳು ಓದಿದ್ದು. ನಿಮ್ಮ ಫೋಟೊ ಚಂದ ಉಂಟು."

ನಮ್ಮಲ್ಲಿ ಪ್ರೀತಿಕಾ ಎಂಬವರಿಲ್ಲ. ಈಗ ಎರಡೂವರೆ. ಕೆಲಸ ಕೇಳಿಕೊಂಡು ಬಂದ ಹುಡುಗಿಯೊಬ್ಬಳು ಹೊರಗೆ ಕೂತಿದ್ದಾಳೆ. ಹೆಸರು ನಾನಿನ್ನೂ ಕೇಳಿಲ್ಲ.