ಪನಮರಂನಿಂದ ಬಂದ ಆಲೋಚನೆ

ಪ್ರವೇಶಕ್ಕೆ ನೂರು ರೂಪಾಯಿ. ಒಂಟೆಯ ಮೇಲೆ ಒಂದು ಸುತ್ತಿಗೆ ಇನ್ನೂರೈವತ್ತು, ಇಬ್ಬರು ಕೂತರೆ ನಾನೂರು. ಮರಳ ದಿಬ್ಬದ ಮೇಲೆ ಜೀಪಿನಲ್ಲಿ ಹತ್ತಿ ಇಳಿಯಲು ನಾಲ್ವರಿಗೆ ಸಾವಿರದ ಇನ್ನೂರು. ತಲೆಗೆ ಸುತ್ತುವ ಕೆಂಪು ಚೌಕಳಿ ಬಟ್ಟೆಯ ಬಾಡಿಗೆ ಮೂವತ್ತು. ಬಿರಿಯಾಣಿ, ಖರ್ಜೂರ, ಸುಲೈಮಾನಿ ಚಹಾ ಎಲ್ಲ ಸೇರಿ ಇಡೀ ದಿನಕ್ಕೆ ತಲೆಗೆ ಸಾವಿರದ ಎಂಟುನೂರು. ಹತ್ತಿದ ಮೇಲೆ ಮಗು ಅತ್ತರೆ ಹಣ ವಾಪಸಿಲ್ಲ.

ಇಷ್ಟನ್ನು ಮಲಯಾಳಂನಲ್ಲಿ, ಕನ್ನಡದಲ್ಲಿ, ಅರೆಬರೆ ಇಂಗ್ಲಿಷಿನಲ್ಲಿ ಹೇಳುತ್ತಾ ಟಿಕೆಟ್ ಕಿಟಕಿಯಲ್ಲಿ ಕೂರುವುದು ನನ್ನ ಕೆಲಸ. ಸಂಬಳ ಹನ್ನೊಂದು ಸಾವಿರ. ಮೈಸೂರು ಕಡೆಯಿಂದ ಬರುವವರೇ ಹೆಚ್ಚು, ಆದ್ದರಿಂದ ಕನ್ನಡ ಬರುವ ಹುಡುಗಿ ಬೇಕು ಎಂದು ಮಾಲೀಕ ಕರುಣಾಕರೇಟ್ಟ ಹುಡುಕಿದ್ದರು. ಏಟ್ಟ ಎಂದರೆ ನಮಗೆ ಅಣ್ಣ. ನಮ್ಮ ಹಿರಿಯರು ಯಾವ ಕಾಲದಲ್ಲೋ ಆ ಕಡೆಯಿಂದ ಬಂದು ಇಲ್ಲಿ ಗದ್ದೆ ಮಾಡಿದವರು. ಶಾಲೆಯಲ್ಲಿ ಮಲಯಾಳಂ ಆದರೂ ಮನೆಯಲ್ಲಿ ಕನ್ನಡ. ನನಗೆ ಇಪ್ಪತ್ತೊಂಬತ್ತು, ಹೊಲಿಗೆ ಬರುತ್ತದೆ, ಮದುವೆ ಆಗಿಲ್ಲ. ಅವರು ಇನ್ನೇನೂ ಕೇಳಲಿಲ್ಲ.

ಕರುಣಾಕರೇಟ್ಟ ಹತ್ತೊಂಬತ್ತು ವರ್ಷ ಶಾರ್ಜಾದಲ್ಲಿ ಪ್ರವಾಸಿಗರನ್ನು ಮರುಭೂಮಿಯಲ್ಲಿ ಜೀಪಿನಲ್ಲಿ ಕುಣಿಸಿದವರು. ಊರಿಗೆ ಬಂದು ಬರಿದೆ ಕೂರಲಾಗಲಿಲ್ಲ. ಕೇಣಿಚಿರ ರಸ್ತೆಯ ಒಳಗೆ ಮುಚ್ಚಿಹೋಗಿದ್ದ ಒಂದು ಕಲ್ಲಿನ ಕ್ವಾರಿಯನ್ನು ಗುತ್ತಿಗೆಗೆ ಹಿಡಿದು, ಕ್ರಷರಿನ ಪುಡಿಯನ್ನು ಲಾರಿಗಟ್ಟಲೆ ಸುರಿಸಿ, ಆರು ದಿಬ್ಬ ಎಬ್ಬಿಸಿ, 'ಡೆಸರ್ಟ್ ಡೇ' ಎಂದು ಬೋರ್ಡ್ ಹಾಕಿದರು. ವರ್ಷದಲ್ಲಿ ನಾಲ್ಕು ತಿಂಗಳು ಕೊಡೆ ಮಡಚದ ಊರಿಗೆ ಮರುಭೂಮಿ ತಂದಿದ್ದಾರೆ ಎಂದು ಜನ ನಕ್ಕರು. ನಕ್ಕವರೇ ಮೊದಲ ವಾರ ಸಾಲಿನಲ್ಲಿ ನಿಂತರು.

ಒಂಟೆ ಬಂದದ್ದು ಡಿಸೆಂಬರಿನಲ್ಲಿ, ಲಾರಿಯಲ್ಲಿ. ಜೊತೆಗೆ ಇಳಿದವನು ಎತ್ತರದ ಕಪ್ಪು ಮನುಷ್ಯ. ಮೂವತ್ತೈದು ಇರಬಹುದು. ನೇರ ನನ್ನ ಕಿಟಕಿಗೆ ಬಂದು ಬಗ್ಗಿದ.

"ಒಂಟೆಗೂ ಟಿಕೆಟ್ ಬೇಕಾ ಮೇಡಂ?"

"ಒಂಟೆಗೆ ಬೇಡ. ಒಂಟೆ ಜೊತೆ ಬಂದವರಿಗೆ ನೂರು."

ತಮಾಷೆಗೆ ಹೇಳಿದ್ದು. ಅವನು ಅಂಗಿ ಜೇಬಿನಿಂದ ನೂರರ ನೋಟು ತೆಗೆದು, ನೀಟಾಗಿ ಬಿಡಿಸಿ, ಕಿಟಕಿಯೊಳಗೆ ಇಟ್ಟ. ವಾಪಸು ಕೊಡಬೇಕೆಂದು ನನ್ನ ಕೈ ಹೋದಾಗ ಅವನ ಕಣ್ಣು ನನ್ನ ಮುಖದಲ್ಲೇ ಇತ್ತು. ನಗು ತುಟಿಗೆ ಬಂದಿರಲಿಲ್ಲ, ಕಣ್ಣಿನ ತುದಿಯಲ್ಲೇ ನಿಂತಿತ್ತು.

"ಇರಲಿ, ಇಟ್ಟುಕೊಳ್ಳಿ. ದಿನಾ ಬರುವವನು. ಶಿವಮಲ್ಲಪ್ಪ ಅಂತ, ಗುಂಡ್ಲುಪೇಟೆ ಹತ್ತಿರದವನು. ಇವಳು ಚಿನ್ನವ್ವ."

ಚಿನ್ನವ್ವ ಕತ್ತು ಚಾಚಿ ನನ್ನ ಟಿಕೆಟ್ ಪುಸ್ತಕದ ಒಂದು ಮೂಲೆ ತಿಂದಳು.

ಮೈಸೂರಿನಲ್ಲಿ ಹನ್ನೆರಡು ವರ್ಷ ಒಂಟೆ ನಡೆಸಿದವನು. ನನ್ನ ಕನ್ನಡ ಕೇಳಿದರೆ ಅವನಿಗೆ ಖುಷಿ.

"ನಮ್ಮಜ್ಜಿ ಹೀಗೇ ಮಾತಾಡುತ್ತಿದ್ದಳು."

"ಅಜ್ಜಿ ಹೇಗಿದ್ದರು?"

"ಜಗಳಗಂಟಿ."

ನನ್ನ ಮಾತಿನಲ್ಲಿ ಮಲಯಾಳಂ ಬೆರೆಯುವುದು ನನಗೇ ತಿಳಿಯುತ್ತಿರಲಿಲ್ಲ. ಒಂದು ಮಧ್ಯಾಹ್ನ, "ಚೋರು ತಿಂದಿರಾ?" ಎಂದು ಕೇಳಿದೆ. ಚೋರು ಎಂದರೆ ನಮಗೆ ಅನ್ನ.

"ಚೂರು ಯಾಕೆ, ಹೊಟ್ಟೆ ತುಂಬಾ ತಿಂದೆ," ಎಂದ ಮಲ್ಲಪ್ಪ.

ಇಬ್ಬರೂ ನಕ್ಕೆವು. ಎರಡು ಕನ್ನಡದ ನಡುವೆ ಅಕ್ಕಿಯಲ್ಲಿ ಕಲ್ಲು ಸಿಕ್ಕ ಹಾಗೆ ಮಾತು ಸಿಗುತ್ತಿತ್ತು. ಆರಿಸಿ ಬಿಸಾಡಿ ನಗುತ್ತಿದ್ದೆವು.

ಒಂದು ಸೋಮವಾರ ಜನ ಇರಲಿಲ್ಲ. ಅವನು ಚಿನ್ನವ್ವನನ್ನು ಕೂರಿಸಿ ನನ್ನ ಕಡೆ ನೋಡಿದ.

"ಬನ್ನಿ. ಎರಡು ತಿಂಗಳಿಂದ ಊರಿಗೆಲ್ಲ ಟಿಕೆಟ್ ಕೊಟ್ಟಿದ್ದೀರಿ. ಕೂತು ನೋಡದೆ ಮಾರಬಾರದು."

"ಬೀಳಿಸಿದರೆ?"

"ಇವಳು ಹಿಂದಿನ ಕಾಲಲ್ಲಿ ಮೊದಲು ಏಳುತ್ತಾಳೆ. ಆಗ ನೀವು ಹಿಂದಕ್ಕೆ ವಾಲಬೇಕು, ಅಷ್ಟೇ."

ನಾನು ಮುಂದಕ್ಕೆ ವಾಲಿದೆ. ಭಯಕ್ಕೆ. ನೆಲವೇ ಮುಖಕ್ಕೆ ಬಂದ ಹಾಗಾಯಿತು. ಅವನ ಅಂಗೈ ನನ್ನ ಭುಜ ತಡೆಯಿತು. ನಾನು ನೆಟ್ಟಗೆ ಕೂತ ಮೇಲೂ ಒಂದು ಉಸಿರು ಹೆಚ್ಚು ಹೊತ್ತು ಅಲ್ಲೇ ಇತ್ತು. ಆಮೇಲೆ ಅವನು ಹಗ್ಗ ಹಿಡಿದು ಮುಂದೆ ನಡೆದ, ಒಂದು ಸಲವೂ ತಿರುಗಲಿಲ್ಲ. ಅವನ ಕಿವಿಯ ಹಿಂಬದಿ ಕೆಂಪಾಗಿತ್ತೋ, ಕಲ್ಲುಪುಡಿಯೋ, ಮೇಲಿನಿಂದ ಕಾಣಲಿಲ್ಲ.

ಆಮೇಲೆ ಮಾತು ಬೆಳೆಯಿತು. ಪನಮರಂನಲ್ಲಿ ಒಂದು ರೂಮು ಹಿಡಿದು ಹೊಲಿಗೆ ಅಂಗಡಿ ಹಾಕುವ ಆಸೆಯನ್ನು ಅವನಿಗೆ ಹೇಳಿದೆ. ಮನೆಯಲ್ಲೂ ಹೇಳಿರಲಿಲ್ಲ. ಅವನು ಅದನ್ನು ವಾರಕ್ಕೊಮ್ಮೆ ವಿಚಾರಿಸುತ್ತಿದ್ದ. ಬೆಳೆಯುವ ಕರುವನ್ನು ವಿಚಾರಿಸುವ ಹಾಗೆ.

ಏಪ್ರಿಲಿನ ಮಳೆ ಬಿದ್ದ ಮೇಲೆ ಚಿನ್ನವ್ವನಿಗೆ ತುರಿ ಹತ್ತಿತು. ತೊಡೆಯ ಕೂದಲು ಉದುರಿ ಗಾಯವಾಯಿತು. ಮಲ್ಲಪ್ಪ ಬೇವಿನೆಣ್ಣೆ ಹಚ್ಚಿದ, ಶೆಡ್ಡಿನಲ್ಲಿ ಒಲೆ ಹೂಡಿದ. ಕಲ್ಪೆಟ್ಟದಿಂದ ಬಂದ ಪಶುವೈದ್ಯರು ನೋಡಿ, "ದೊಡ್ಡ ಮಳೆಗೆ ಮುಂಚೆ ಒಣ ಸೀಮೆಗೆ ಕರೆದುಕೊಂಡು ಹೋಗಿ. ಇಲ್ಲಿದ್ದರೆ ಉಳಿಯುವುದಿಲ್ಲ," ಎಂದರು. ಒಂಟೆ ಹೋದರೆ ಅವನೂ ಹೋಗುತ್ತಾನೆ. ಅದನ್ನು ಯಾರೂ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅದೇ ವಾರ ನನ್ನ ಅಮ್ಮ ಲೀಲ, ಪನಮರಂನ ಸುಬೀಷ್ ಎಂಬವರ ವಿಷಯ ಎತ್ತಿದಳು. ಬಸ್‌ಸ್ಟ್ಯಾಂಡಿನ ಹತ್ತಿರ ಸ್ವಂತ ಚಪ್ಪಲಿ ಅಂಗಡಿ, ಕುಡಿತ ಇಲ್ಲ, ನಮ್ಮವರೇ. ಗಂಡಿನ ಕಡೆಯಿಂದ ಮಾತು ಬಂದರೆ ನಮ್ಮಲ್ಲಿ 'ಆಲೋಚನೆ ಬಂದಿದೆ' ಎನ್ನುತ್ತೇವೆ. ಮಲಯಾಳಂನಲ್ಲೂ ಅದೇ ಮಾತು. ಎಲ್ಲ ಕನ್ನಡದಲ್ಲೂ ಹಾಗೇ ಎಂದು ನಾನು ತಿಳಿದಿದ್ದೆ.

ಮರುದಿನ ಅವನು ಗಾಯ ತೊಳೆಯುತ್ತಿದ್ದಾಗ ಹೋಗಿ ನಿಂತೆ. ಬೇಡ ಎನ್ನಲಿ ಎಂದೇ ಹೋದದ್ದು.

"ಮಲ್ಲಪ್ಪ, ನನಗೊಂದು ಆಲೋಚನೆ ಬಂದಿದೆ."

"ಹೇಳಿ."

"ಪನಮರಂ. ಬಸ್‌ಸ್ಟ್ಯಾಂಡ್ ಹತ್ತಿರ ಅಂಗಡಿ. ಸ್ವಂತದ್ದು, ಬಾಡಿಗೆ ಅಲ್ಲ."

ಅವನ ಮುಖ ಅರಳಿತು.

"ಒಳ್ಳೆ ಆಲೋಚನೆ. ಎಷ್ಟು ದಿನ ಈ ಪುಡಿ ಕುಡಿದುಕೊಂಡು ಕಿಟಕಿಯಲ್ಲಿ ಕೂರುತ್ತೀರಿ? ಮನೆಯಲ್ಲಿ ಏನಂದರು?"

"ಅಮ್ಮನಿಗೆ ಇಷ್ಟ."

"ಹಾಗಾದರೆ ತಡ ಮಾಡಬೇಡಿ. ಬೇರೆಯವರು ಹಾರಿಸಿಕೊಂಡು ಹೋಗುತ್ತಾರೆ."

"ನಿಮಗೆ ಬೇಜಾರಿಲ್ಲವಾ?"

"ನಿಮಗೆ ಒಳ್ಳೆಯದಾದರೆ ನನಗೇಕೆ ಬೇಜಾರು?" ಅವನು ಬಟ್ಟೆ ಹಿಂಡಿದ. ಹಿಂಡಿದ್ದನ್ನೇ ಮತ್ತೆ ಹಿಂಡಿದ. "ನನಗೂ ಒಂದು ಆಲೋಚನೆ ಇದೆ. ಹೊರಡುವ ಮೊದಲು ಹೇಳುತ್ತೇನೆ."

"ಗುಂಡ್ಲುಪೇಟೆಯದಾ?"

"ಅಲ್ಲ. ಈ ಕಡೆಯದೇ."

ಈ ಕಡೆಯ ಯಾರು ಎಂದು ನಾನು ಕೇಳಲಿಲ್ಲ. ಮನೆಗೆ ಹೋಗಿ ಅಮ್ಮನಿಗೆ, ಆಗಲಿ ಎಂದೆ. ಜೂನ್ ಮೊದಲ ಭಾನುವಾರ ನಿಶ್ಚಿತಾರ್ಥ ಎಂದು ನಿಗದಿಯಾಯಿತು.

ಸುಬೀಷ್ ಒಂದು ಸಲ ಮನೆಗೆ ಬಂದು ಹೋದರು. ಕೆಟ್ಟ ಮನುಷ್ಯ ಅಲ್ಲ. ನನ್ನ ಕಾಲು ನೋಡಿ, "ಆರನೇ ನಂಬರು," ಎಂದರು. ಸರಿಯಾಗಿತ್ತು. ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

ಆ ಮೇ ತಿಂಗಳು ಪೂರ್ತಿ ನಾನು ಟಿಕೆಟ್ ಹರಿದೆ, ತಲೆ ಎತ್ತಲಿಲ್ಲ. ಮಲ್ಲಪ್ಪ ಎರಡು ಮೂರು ಸಲ ಕಿಟಕಿಗೆ ಬಂದ.

"ಮುಂಗಡ ಕೊಟ್ಟಾಯಿತಾ?"

ಗಂಡಿನ ಕಡೆಗೆ ಚಿನ್ನ ಕೊಡುವುದನ್ನು ಕೇಳುತ್ತಿದ್ದಾನೆ ಎಂದುಕೊಂಡೆ. ಮೈ ಉರಿಯಿತು. "ಅವರು ಏನೂ ಕೇಳಿಲ್ಲ."

"ಮುಂಗಡ ಕೇಳದವರೂ ಇದ್ದಾರಾ? ಅಪರೂಪದ ಮನುಷ್ಯ."

"ಹೌದು, ಅಪರೂಪದವರೇ," ಎಂದು ಕಿಟಕಿಯ ಬಾಗಿಲು ಎಳೆದುಕೊಂಡೆ. ಬಾಗಿಲು ಮುಚ್ಚುವಾಗ ಅವನ ಮುಖ ಕಂಡಿತು. ಪಾಪ, ಏನು ತಪ್ಪಾಯಿತು ಎಂದು ಹುಡುಕುತ್ತಿದ್ದ ಮುಖ. ನಾಟಕ ಎಂದುಕೊಂಡೆ.

ಮೇ ಕೊನೆಯ ಭಾನುವಾರ, ಮಳೆಗಾಲಕ್ಕೆ ಮುಚ್ಚುವ ಮುಂಚೆ, ಮರುಭೂಮಿಯ ಕೊನೆಯ ದಿನ. ಬೆಳಗ್ಗೆಯಿಂದ ಜನವೋ ಜನ. ಕರುಣಾಕರೇಟ್ಟ ಜೀಪಿನ ಚಕ್ರಗಳ ಗಾಳಿ ಅರ್ಧ ಇಳಿಸಿದರು. ಗಾಳಿ ತುಂಬಿದ್ದರೆ ಚಕ್ರ ಮರಳಿನಲ್ಲಿ ಹೂತುಹೋಗುತ್ತದೆ, ಮೆತ್ತಗಿದ್ದರೆ ತೇಲುತ್ತದೆ. ಜೀಪು ದಿಬ್ಬದ ನೆತ್ತಿ ಹತ್ತಿ, ಒಂದು ಕ್ಷಣ ಆಕಾಶದ ಕಡೆ ಮೂತಿ ಎತ್ತಿ ನಿಂತು, ಆಚೆ ಬದಿಗೆ ಧುಮುಕುತ್ತಿತ್ತು. ಕೆಂಪು ಬಟ್ಟೆ ಸುತ್ತಿಕೊಂಡ ಮೈಸೂರಿನ ಹೆಂಗಸರು ಒಳಗಿಂದ ಕಿರುಚಿ, ಇಳಿದ ಮೇಲೆ ಇನ್ನೊಂದು ಟಿಕೆಟ್ ಕೇಳುತ್ತಿದ್ದರು. ಚಿನ್ನವ್ವನ ಮೇಲೆ ಮಲ್ಲಪ್ಪ ಮಕ್ಕಳನ್ನು ಮಾತ್ರ ಕೂರಿಸಿದ, ಅದೂ ಹತ್ತು ಸುತ್ತು. ಸಾಕು ಎಂದು ಹಗ್ಗ ಬಿಚ್ಚಿದಾಗ ಕರುಣಾಕರೇಟ್ಟ ಜಗಳಕ್ಕೆ ಹೋದರು. ಅವನು ಗಾಯ ತೋರಿಸಿ, ಅವಳನ್ನು ಶೆಡ್ಡಿಗೆ ನಡೆಸಿದ.

ಮೂರು ಗಂಟೆಗೆ ಮಳೆ ಬಂತು. ಅರ್ಧ ಗಂಟೆಯಲ್ಲಿ ಆರೂ ದಿಬ್ಬಗಳು ಸಿಮೆಂಟ್ ಕಲಸಿದ ಹಾಗೆ ಜಾರಿ ಇಳಿದವು. ಜೀಪು ನಡುವೆ ಹೂತು ನಿಂತಿತು. ಜನ ನೆನೆಯುತ್ತಾ ಕಾರುಗಳಿಗೆ ಓಡಿದರು.

ನಾನು ಟಿಕೆಟ್ ಪುಸ್ತಕ ಕಟ್ಟುತ್ತಿದ್ದೆ. ಮಲ್ಲಪ್ಪ ಪ್ಲಾಸ್ಟಿಕ್ ಹಾಳೆ ಸುತ್ತಿದ ಏನನ್ನೋ ಎದೆಗೆ ಒತ್ತಿಕೊಂಡು ಬಂದ. ಬಿಚ್ಚಿದರೆ ಮರದ ಗಲ್ಲಾಪೆಟ್ಟಿಗೆ. ಹಳೆಯದು. ಉಜ್ಜಿ ಎಣ್ಣೆ ಹಚ್ಚಿದ್ದ.

"ನಿಮ್ಮ ಅಂಗಡಿಗೆ. ಸಂತೆಯಲ್ಲಿ ಸಿಕ್ಕಿತು. ಮೇಲಿನ ಖಾನೆಯಲ್ಲಿ ಸೂಜಿ, ದಾರ, ಗುಂಡಿಯೂ ಹಿಡಿಯುತ್ತದೆ."

"ಚಪ್ಪಲಿ ಅಂಗಡಿಗೆ ಸೂಜಿ ದಾರ ಯಾಕೆ?"

"ಚಪ್ಪಲಿ ಅಂಗಡಿಯಾ? ಹೊಲಿಗೆ ಅಂತಲ್ಲವಾ ಹೇಳಿದ್ದು?"

"ಹೊಲಿಗೆ ಅಂಗಡಿ ನನ್ನ ಆಸೆ. ಚಪ್ಪಲಿ ಅಂಗಡಿ ಸುಬೀಷ್‌ದು."

"ಸುಬೀಷ್ ಯಾರು?"

ಮಳೆ ತಗಡಿನ ಮೇಲೆ ಸುರಿಯುತ್ತಿತ್ತು. ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ನಾನು ಜೋರಾಗಿಯೇ ಹೇಳಿದೆ. "ಅವತ್ತು ಹೇಳಿದೆನಲ್ಲ. ಪನಮರಂನ ಆಲೋಚನೆ. ನನ್ನನ್ನು ಮದುವೆಯಾಗುವವರು. ಬರುವ ಭಾನುವಾರ ನಿಶ್ಚಿತಾರ್ಥ."

ಅವನು ಪೆಟ್ಟಿಗೆಯನ್ನು ಮೆಲ್ಲಗೆ ಕಿಟಕಿಯ ಹಲಗೆಯ ಮೇಲೆ ಇಟ್ಟ. ಕೈಗೆ ಅದರ ಭಾರ ತಡೆಯಲಾಗದವನ ಹಾಗೆ.

"ನಮ್ಮಲ್ಲಿ ಆಲೋಚನೆ ಅಂದರೆ ಯೋಚನೆ," ಎಂದ. "ಅಷ್ಟೇ. ತಲೆಗೆ ಬರುವುದು. ಅಂಗಡಿ ಹಾಕುವ ಯೋಚನೆ ಬಂತು ಅಂತ ತಿಳಿದೆ."

ನನಗೆ ನಗು ಬರಲಿಲ್ಲ. ಹಿಂದೆ ಇಂಥ ಎಷ್ಟು ಮಾತಿಗೆ ನಕ್ಕಿದ್ದೆವು.

"ನಿಮ್ಮ ಆಲೋಚನೆ?" ಎಂದು ಕೇಳಿದೆ. "ಈ ಕಡೆಯದು ಅಂದಿರಲ್ಲ."

"ಟಿಕೆಟ್ ಕೊಡುವ ಮೇಡಮ್ಮನ್ನು ಕೇಳಬೇಕು ಅಂತ ಇತ್ತು. ನಗುತ್ತಾರೋ ಏನೋ ಅಂತ ಹೆದರಿಕೆ." ಅವನು ನೆಲ ನೋಡಿದ. "ಈಗ ಯಾಕೆ ಅದು. ಮಾತು ಕೊಟ್ಟಾಗಿದೆಯಲ್ಲ. ಅವರು ಒಳ್ಳೆಯವರಾ?"

"ಒಳ್ಳೆಯವರೇ."

"ಹಾಗಾದರೆ ನಾನು ಏನು ಹೇಳಲಿ?"

"ಅವತ್ತು ನೀವು ಬೇಡ ಅನ್ನಲಿ ಅಂತ ಬಂದಿದ್ದೆ. ಒಂದು ತಿಂಗಳು ನಿದ್ದೆ ಮಾಡಿಲ್ಲ ನಾನು. ಇವತ್ತಾದರೂ ಹೇಳುತ್ತೀರೋ, ಲಾರಿ ಹತ್ತುತ್ತೀರೋ?"

ಅವನು ತಲೆ ಎತ್ತಿದ. ಹುಬ್ಬಿನಿಂದ ಮಳೆನೀರು ಇಳಿದು ಕಣ್ಣಿಗೆ ಹೋಗುತ್ತಿದ್ದರೂ ರೆಪ್ಪೆ ಬಡಿಯಲಿಲ್ಲ.

"ಬೇಡ," ಎಂದ. "ಆ ಮದುವೆ ಬೇಡ ಸರಿತಾ."

ಮೊದಲ ಸಲ ಹೆಸರು ಹಿಡಿದು ಕರೆದದ್ದು.

ಒಂದು ಗಂಟೆಯ ಮೇಲೆ ಲಾರಿ ಹೊರಟಿತು. ಒಂಟೆಯನ್ನು ನೆನೆಸುತ್ತಾ ನಿಲ್ಲಿಸುವ ಹಾಗಿರಲಿಲ್ಲ. ನಾನೇ ಅವನನ್ನು ಕಳಿಸಿದೆ. ಮಾತು ಬಿಡಿಸಿಕೊಳ್ಳಬೇಕಾದವಳು ನಾನು. ಅವನು ಪಕ್ಕದಲ್ಲಿ ನಿಂತಿದ್ದರೆ ಅದು ಬೇರೆಯೇ ಜಗಳವಾಗುತ್ತಿತ್ತು.

ಮರುದಿನ ಬೆಳಗ್ಗೆ ಪನಮರಂಗೆ ಹೋಗಿ, ಅಂಗಡಿ ತೆರೆಯುತ್ತಿದ್ದ ಸುಬೀಷ್ ಅವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಶಟರ್ ಅರ್ಧ ಎತ್ತಿ ಹಾಗೇ ಹಿಡಿದು ನಿಂತರು.

"ಒಂದು ಮಾತಿನ ಗೊಂದಲಕ್ಕೆ ಹೂಂ ಅಂದಿರಾ?"

"ಹೂಂ."

"ಇನ್ನೂರು ಜನಕ್ಕೆ ಹೇಳಿ ಆಗಿದೆ." ಶಟರ್ ಪೂರ್ತಿ ಎತ್ತಿ, "ಭಾನುವಾರ ಕಳೆದ ಮೇಲೆ ಹೇಳಿದ್ದರೆ ನಾನು ನಿಮ್ಮನ್ನು ಕ್ಷಮಿಸುತ್ತಿರಲಿಲ್ಲ. ಈಗಲೂ ಕ್ಷಮಿಸಿದ್ದೇನೆ ಅಂತಲ್ಲ. ಹೋಗಿ," ಎಂದರು. ನನ್ನಿಂದ ಒಬ್ಬರಿಗೆ ಅನ್ಯಾಯವಾಗಿದೆ ಎಂಬುದನ್ನು ಆವತ್ತಿನಿಂದ ಇವತ್ತಿನವರೆಗೆ ನಾನು ಬೇರೆ ಹೆಸರಿಟ್ಟು ಕರೆದಿಲ್ಲ.

ಅಮ್ಮ ಅಳಲಿಲ್ಲ, ಬೈಯಲಿಲ್ಲ. "ಒಂಟೆ ಹಿಡಿಯುವವನು. ಮೀನು ಮುಟ್ಟದ ಮನೆ. ನಿನಗೆ ಅಲ್ಲಿ ಏನಿದೆ?" ಎಂದು ಒಂದೇ ಸಲ ಕೇಳಿದಳು. ನಾನು, ಅವನಿದ್ದಾನೆ ಎಂದೆ. ಅವಳು ಹಸುವಿಗೆ ಹುಲ್ಲು ಹಾಕಲು ಎದ್ದು ಹೋದಳು.

ಆಗಸ್ಟಿನಲ್ಲಿ ಗುಂಡ್ಲುಪೇಟೆಯ ರಿಜಿಸ್ಟ್ರಾರ್ ಕಚೇರಿಯಲ್ಲಿ ನಮ್ಮ ಮದುವೆಯಾಯಿತು. ನನ್ನ ಕಡೆಯಿಂದ ಕರುಣಾಕರೇಟ್ಟ ಸಹಿ ಹಾಕಿದರು.

ಚಿನ್ನವ್ವ ಬದುಕಲಿಲ್ಲ. ಒಣ ಸೀಮೆ ಸೇರಿ ಮೂರು ವಾರಕ್ಕೆ, ಗಾಯ ಒಳಗೆ ಇಳಿದು ತೀರಿಕೊಂಡಳು. ಮಲ್ಲಪ್ಪ ಈಗ ಗೂಡ್ಸ್ ಆಟೋ ಓಡಿಸುತ್ತಾನೆ. ಇನ್ನೊಂದು ಒಂಟೆ ತರುವ ಮಾತು ಎತ್ತುವುದಿಲ್ಲ. ಅಮ್ಮ ಫೋನ್ ತೆಗೆಯುತ್ತಾಳೆ, ನಾನು ಹೇಳುವುದನ್ನು ಕೇಳುತ್ತಾಳೆ, ಮಾತಾಡುವುದಿಲ್ಲ. ಪನಮರಂ ಪೇಟೆಗೆ ನಾನು ಮತ್ತೆ ಹೋಗಿಲ್ಲ. ಕಳೆದುಕೊಂಡದ್ದು ಇಷ್ಟು. ಸಿಕ್ಕಿದ್ದು ಮಲ್ಲಪ್ಪ.