ನೆಲಮಹಡಿಯ ಒದ್ದೆ ಗೋಡೆ

"ಮನೆ ಸಿಕ್ತು ಅಂತ ಸಂತೋಷಪಡ್ಲಾ, ಮಗಳ ಉಸಿರು ನಿಂತುಹೋಗುತ್ತೆ ಅಂತ ಅಳ್ಲಾ, ನೀವೇ ಹೇಳಿ ಅಮ್ಮ," ಎನ್ನುತ್ತ ಇಸ್ತ್ರಿಯವಳು ಹೊಸ್ತಿಲಲ್ಲೇ ಕುಸಿದು ಕೂತಳು.

ಪಟಾಕಿ ಟೀ ಸೋಸುತ್ತಿದ್ದವಳು ಹಾಗೇ ಎದ್ದು ಬಂದಳು. ಪಟಾಕಿ ಎನ್ನುವುದು ಬೀದಿಯವರು ಕೊಟ್ಟ ಬಿರುದು. ಅನ್ಯಾಯ ಕಂಡರೆ ಅವಳಿಗೆ ತಡೆಯುತ್ತಿರಲಿಲ್ಲ, ಕಾಣದಿದ್ದರೆ ಹುಡುಕಿಕೊಂಡು ಹೋಗುತ್ತಿದ್ದಳು. ಅಣ್ಣ ತೀರಿಕೊಂಡ ಮೇಲೆ ಅವಳು ಅತ್ತಿಗೆಯ ಜೊತೆಯಲ್ಲೇ ಇದ್ದಳು. ಅತ್ತಿಗೆ ವಿಮಾ ಕಂಪನಿಯಲ್ಲಿ ಸರ್ವೇಯರ್ ಆಗಿ ನಿವೃತ್ತರಾದವರು. ಸುಟ್ಟ ಅಂಗಡಿ, ನೀರು ನುಗ್ಗಿದ ಗೋದಾಮುಗಳ ನಡುವೆ ನಿಂತು, ಇದು ತಾನಾಗಿ ಆದದ್ದೋ ಯಾರೋ ಬೇಕೆಂದೇ ಮಾಡಿದ್ದೋ ಎಂದು ಪತ್ತೆಮಾಡುವುದೇ ಅವರ ಕಸುಬಾಗಿತ್ತು. ಬೀದಿಗೆಲ್ಲ ಅವರು ಸರ್ವೇಯರಮ್ಮ. ಪೊಲೀಸರವರೆಗೆ ಹೋಗಲಾರದ ದೂರುಗಳೆಲ್ಲ ಇವರ ಬಾಗಿಲಿಗೆ ಬರುತ್ತಿದ್ದವು.

"ಮೊದಲು ಟೀ ಕುಡಿ. ಆಮೇಲೆ ಬುಡದಿಂದ ಹೇಳು," ಎಂದರು ಸರ್ವೇಯರಮ್ಮ.

ಇಸ್ತ್ರಿಯವಳು ಹೇಳಿದಳು. ಊರಾಚೆ ಹೊಸದಾಗಿ ಎದ್ದ ಅಪಾರ್ಟ್‌ಮೆಂಟಿನ ನೆಲಮಹಡಿಯಲ್ಲಿ ಕೆಲವು ಮನೆಗಳನ್ನು ಬಡವರಿಗೆ ಕಡಿಮೆ ಬಾಡಿಗೆಗೆ ಕೊಡಬೇಕು. ಆ ಷರತ್ತಿನ ಮೇಲೆಯೇ ಕಟ್ಟಲು ಅನುಮತಿ ಸಿಕ್ಕಿದ್ದು. ವಸತಿ ಕಚೇರಿಯವರು ಸರದಿಯಂತೆ ಒಂದೊಂದೇ ಕುಟುಂಬವನ್ನು ಕರೆದೊಯ್ದು ತೋರಿಸುತ್ತಾರೆ. ಬೇಡ ಎಂದವರು ಸರದಿಯ ಬಾಲಕ್ಕೆ ಹೋಗುತ್ತಾರೆ. ಒಂದೇ ಮನೆಯನ್ನು ಮೂರು ಕುಟುಂಬ ಬೇಡ ಎಂದರೆ, ಮಾಲೀಕ ಅದನ್ನು ಯಾರಿಗೆ ಬೇಕಾದರೂ ಎಷ್ಟು ಬಾಡಿಗೆಗೆ ಬೇಕಾದರೂ ಕೊಡಬಹುದು. ಈ ಮನೆಯನ್ನು ಇಬ್ಬರು ಆಗಲೇ ಬಿಟ್ಟಿದ್ದರು. ಇವಳು ಮೂರನೆಯವಳು.

"ಇವತ್ತು ಬೆಳಗ್ಗೆ ನೋಡ್ದೆ. ಹಾಲ್‌ನ ಗೋಡೆ ಒದ್ದೆ ಒದ್ದೆ. ಒಳಗೆ ಕಾಲಿಟ್ರೆ ಮುಗ್ಗಲು ವಾಸನೆ, ಗಾಳಿನೇ ಇಲ್ಲ. ನನ್ನ ಮಗಳಿಗೆ ಮೊದಲೇ ಉಬ್ಬಸ. ಅಲ್ಲೇ ಕೆಮ್ಮಿ ಕೆಮ್ಮಿ ನೀಲಿ ತಿರುಗಿದ್ಲು. ನಾಳೆ ಮಧ್ಯಾಹ್ನದೊಳಗೆ ಹೂಂ ಅನ್ನಬೇಕು, ಇಲ್ಲಾ ಊಹೂಂ ಅನ್ನಬೇಕು. ಇರೋದು ಅಕ್ಕನ ಮನೆ ಸಾಮಾನು ಕೋಣೆಯಲ್ಲಿ. ಜಾಗ ಖಾಲಿ ಮಾಡು ಅಂತ ಭಾವ ದಿನಾ ಪಾತ್ರೆ ಕುಕ್ತಾರೆ. ಈ ಸರದಿಗೆ ಕಾಯೋದ್ರಲ್ಲೇ ಮಗಳು ಹುಟ್ಟಿ ಸ್ಕೂಲಿಗೆ ಹೋಗೋ ಹಾಗಾದ್ಲು ಅಮ್ಮ."

"ಯಾರ್ಯಾರಿದ್ರು ಅಲ್ಲಿ?"

"ಕಚೇರಿ ಅಕ್ಕ ಕರ್ಕೊಂಡು ಹೋಗಿದ್ರು. ದೇವರಂಥ ಹೆಂಗಸು. ನಮಗಿಂತ ಮೊದಲೇ ಹೋಗಿ, ಗಾಳಿ ಆಡ್ಲಿ ಅಂತ ಕಿಟಕಿ ಎಲ್ಲ ತೆಗೆದಿಟ್ಟು, ಆಮೇಲೆ ಮುಚ್ಚಿ ನಮ್ಮನ್ನ ಕರೀತಾರಂತೆ. ಆದ್ರೂ ವಾಸನೆ ಹೋಗಲ್ಲ ಕಣಮ್ಮ ಅಂತ ಅವರಿಗೇ ಬೇಜಾರು. ಮಗು ಕೆಮ್ಮೋದು ನೋಡಿ ಗಾಬರಿಯಿಂದ ಬ್ಯಾಗಲ್ಲಿದ್ದ ದೊಡ್ಡ ನೀರಿನ ಬಾಟ್ಲಿ ತೆಗೆದು ಹಿಡಿದ್ರು. ಪಾಪ, ಅದು ಖಾಲಿ. ಅವರ ಮುಖ ನೋಡಬೇಕಿತ್ತು ನೀವು. ಮಹಡಿ ಮೆಟ್ಟಿಲ ಮೇಲೆ ಮಾತ್ರ ಮೇಲಿನ ಮನೆಯ ಒಬ್ಬ ಮುದುಕಪ್ಪ ನಿಂತಿದ್ದ. ಇಂಥವರೆಲ್ಲ ಬಂದು ಸೇರ್ಕೊಂಡ್ರೆ ಬಿಲ್ಡಿಂಗ್ ಹಾಳಾಗುತ್ತೆ ಅಂತ ನಮಗೆ ಕೇಳೋ ಹಾಗೇ ಅಂದ."

ಪಟಾಕಿಗೆ ಮೈಯೆಲ್ಲ ಉರಿದುಹೋಯಿತು. "ಅವನದೇ ಕೆಲಸ! ಮೇಲಿಂದ ನೀರು ಬಿಡ್ತಿದ್ದಾನೆ. ಅತ್ತಿಗೆ, ಏಳಿ, ಹೋಗಿ ಅವನ ಜನ್ಮ ಜಾಲಾಡಿಸಿ ಬರೋಣ."

"ಮೊದಲು ಒಳ್ಳೆ ಸೀರೆ ಉಟ್ಕೋ," ಎಂದರು ಅತ್ತಿಗೆ. "ನಾವಿಬ್ರೂ ಬಾಡಿಗೆಗೆ ಮನೆ ಹುಡುಕ್ತಿದ್ದೀವಿ. ಕೈಯಲ್ಲಿ ದುಡ್ಡಿರೋರು. ದಾರಿಯುದ್ದಕ್ಕೂ ಬಾಯಿಗೆ ಬೀಗ, ತಿಳೀತಾ?"

ಸಂಜೆಯ ಹೊತ್ತಿಗೆ ಇಬ್ಬರೂ ಅಪಾರ್ಟ್‌ಮೆಂಟಿನ ಮ್ಯಾನೇಜರ್ ಮುಂದೆ ನಿಂತಿದ್ದರು. ಎಣ್ಣೆ ಹಚ್ಚಿದ ಬೀಗದಂತೆ ನುಣುಪಾದ ಮನುಷ್ಯ. ನೆಲಮಹಡಿ ಬೇಕು, ಬಾಡಿಗೆ ಎಷ್ಟಾದರೂ ಸರಿ ಎಂದದ್ದೇ ತಡ, ಬೀಗದ ಕೈ ಜೇಬಿನಿಂದ ಹೊರಬಂತು.

"ಒಂದು ಮನೆ ನಾಳೆಗೆ ಫ್ರೀ ಆಗುತ್ತೆ ಮೇಡಂ. ಒಬ್ರಿಗೆ ಮಾತು ಕೊಟ್ಟಿದ್ದೆ, ಅದು ಬಿಡಿ, ಅವರು ಕೊಡೋದು ಅಷ್ಟಕ್ಕಷ್ಟೇ. ನಿಮಗೇ ಕೊಡ್ತೀನಿ."

"ಆ ಮನೇಲಿ ಗೋಡೆ ಸೋರುತ್ತೆ ಅಂದ್ರಲ್ಲ ಯಾರೋ?"

"ಸೋರೋದಾ? ಮುಟ್ಟಿ ನೋಡಿ ಮೇಡಂ! ಆ ಜನ ಪುಕ್ಕಟೆ ಕೊಟ್ರೂ ತಪ್ಪು ಹುಡುಕ್ತಾರೆ."

ಪಟಾಕಿ ನಾಲಿಗೆ ಕಚ್ಚಿಕೊಂಡಳು. ಸರ್ವೇಯರಮ್ಮ ಗೋಡೆ ಮುಟ್ಟಿದರು. ಹೆಚ್ಚೂಕಡಿಮೆ ಒಣಗಿತ್ತು. ಎದೆಮಟ್ಟದಿಂದ ಕೆಳಕ್ಕೆ ಮಂಕಾದ ಒಂದು ಕಲೆ ಉಳಿದಿತ್ತು. ಅದರ ಮೇಲ್ಭಾಗವೂ ಛಾವಣಿಯೂ ಹೊಸ ಬಣ್ಣದಲ್ಲಿ ಹೊಳೆಯುತ್ತಿದ್ದವು. ಅವರು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದರು. ನಲ್ಲಿ ಗೊರ್ ಎಂದು ಸುಮ್ಮನಾಯಿತು.

"ಖಾಲಿ ಮನೆ ಅಲ್ವಾ, ಬಣ್ಣ ಹೊಡೆದಾಗಿಂದ ಹೊರಗಡೆನೇ ನೀರು ಬಂದ್ ಮಾಡಿದ್ದೀವಿ," ಎಂದ ಮ್ಯಾನೇಜರ್.

"ಕಿಟಕಿ ತೆಗೀರಿ, ಗಾಳಿ ಹೇಗಿದೆ ನೋಡೋಣ."

ಅವನು ಎಳೆದ, ಜಗ್ಗಿದ, ಕಿಟಕಿ ಮಿಸುಕಲಿಲ್ಲ. "ಬಣ್ಣ ಅಂಟ್ಕೊಂಡಿದೆ ಮೇಡಂ. ಪೇಂಟಿಂಗ್ ಆದ್ಮೇಲೆ ಯಾರೂ ತೆಗೆದೇ ಇಲ್ಲ. ಗುದ್ದಿ ತೆಗೀತೀನಿ ಇರಿ."

"ಬೇಡ ಬೇಡ, ಹಾಗೇ ಇರ್ಲಿ," ಎಂದು ಸರ್ವೇಯರಮ್ಮ ತಡೆದರು. ಉಳಿದ ಕಿಟಕಿಗಳ ಅಂಚಿನ ಮೇಲೂ ಬೆರಳಾಡಿಸಿದರು. ಆಮೇಲೆ ಗೋಡೆಯ ಬೀರು ತೆರೆದು, ಅದರ ಮೇಲಿನ ಅಟ್ಟಕ್ಕೆ ಕೈಹಾಕಿ, ಮೂಗು ಸಿಂಡರಿಸಿ, ಕರ್ಚೀಫಿನಲ್ಲಿ ಬೆರಳು ಒರೆಸಿಕೊಂಡರು.

ಹೊರಗೆ ಬಂದ ಮೇಲೆ ಪಟಾಕಿ ಸಿಡಿದಳು. "ಇವನೇ! ಕೀ ಇವನ ಹತ್ರ, ಲಾಭ ಇವನಿಗೆ. ಮುದುಕಪ್ಪನ್ನ ಸುಮ್ನೆ ಬೈದೆ."

"ಮುದುಕಪ್ಪನ್ನ ಬೈದಿದ್ದು ದಂಡ ಆಗಲ್ಲ ಬಿಡು. ಆದ್ರೆ ಗೋಡೆ ಒದ್ದೆ ಮಾಡಿದ ಕೈ ಇವನದಲ್ಲ ಕಣೇ. ನಾಳೆ ನೋಡು," ಎಂದರು ಅತ್ತಿಗೆ. ಮನೆಗೆ ಬಂದು ವಸತಿ ಕಚೇರಿಯ ಸಾಹೇಬರಿಗೆ ಫೋನ್ ಮಾಡಿದರು: ಮೂರನೆಯ ಕುಟುಂಬ ಇನ್ನೊಮ್ಮೆ ಮನೆ ನೋಡಿಯೇ ಉತ್ತರ ಹೇಳುತ್ತದೆ, ನೀವೂ ಎದುರಿಗೆ ಇರಬೇಕು.

ಮರುದಿನ ಬೆಳಗ್ಗೆ ಹಾಲ್‌ನಲ್ಲಿ ಎಲ್ಲರೂ ಸೇರಿದರು. ಗಡಿಯಾರ ನೋಡುತ್ತಿದ್ದ ಸಾಹೇಬರು, ಯಾರೂ ಕರೆಯದೆ ಇಳಿದುಬಂದ ಮುದುಕಪ್ಪ, ನಿನ್ನೆಯ 'ದುಡ್ಡಿನ ಮೇಡಂ'ಗಳನ್ನು ಕಂಡು ಉಗುಳು ನುಂಗಿದ ಮ್ಯಾನೇಜರ್, ಮಗಳನ್ನು ಅವಚಿಕೊಂಡ ಇಸ್ತ್ರಿಯವಳು. ಕಚೇರಿ ಅಕ್ಕ ಎಲ್ಲರಿಗಿಂತ ಮೊದಲೇ ಬಂದಿದ್ದಳು. ದಣಿದ ಕಣ್ಣು, ಹೆಗಲಲ್ಲಿ ದೊಡ್ಡ ಬ್ಯಾಗು. ಗೋಡೆಯ ಮೇಲೆ ನೀರು ಹನಿಹನಿಯಾಗಿ ಇಳಿಯುತ್ತಿತ್ತು. ಬೀರುವಿನ ಬಾಗಿಲು ತೆರೆದಿತ್ತು, ಮುಗ್ಗಲು ವಾಸನೆ ಮೂಗಿಗೆ ಬಡಿಯಿತು.

"ನೋಡಿ ಸರ್, ನಾನೇ ಬಂದು ಎಲ್ಲ ಕಿಟಕಿ ತೆಗೆದಿಟ್ಟಿದ್ದೆ, ಆದ್ರೂ ಹೀಗೆ," ಎಂದಳು ಕಚೇರಿ ಅಕ್ಕ. "ಉಬ್ಬಸದ ಮಗು ಇಲ್ಲಿರೋಕೆ ಆಗಲ್ಲ."

ಮಗು ಕೆಮ್ಮತೊಡಗಿತು.

"ಅಯ್ಯೋ, ನಿಮ್ಮ ಬಾಟ್ಲಿಯಿಂದ ಒಂದು ಗುಟುಕು ನೀರು ಕೊಡಿಯಮ್ಮ," ಎಂದರು ಸರ್ವೇಯರಮ್ಮ.

ಅಕ್ಕನ ಕೈ ಬ್ಯಾಗಿನವರೆಗೆ ಹೋಗಿ ನಿಂತಿತು. "ಅದು... ಖಾಲಿಯಾಗಿದೆ."

"ನಿನ್ನೆಯೂ ಖಾಲಿಯಾಗಿತ್ತು. ಬೆಳಗ್ಗೆ ಬೆಳಗ್ಗೆನೇ ಅಷ್ಟು ದೊಡ್ಡ ಬಾಟ್ಲಿ ಖಾಲಿ. ಕುಡಿದೋರು ಯಾರು? ಈ ಗೋಡೆ."

ಸಾಹೇಬರು ಗಡಿಯಾರ ಬಿಟ್ಟು ತಲೆಯೆತ್ತಿದರು. ಸರ್ವೇಯರಮ್ಮ ಗೋಡೆಯ ಹತ್ತಿರ ಹೋದರು.

"ಮೇಲಿಂದ ಸೋರಿದ್ರೆ ಛಾವಣಿ ಒದ್ದೆಯಾಗಬೇಕು. ಅದು ಒಣಗಿದೆ. ಈ ಯಜಮಾನರ ಬಾಯಿ ಕೆಟ್ಟಿದೆ, ಪೈಪ್ ಕೆಟ್ಟಿಲ್ಲ." ಮುದುಕಪ್ಪ ಏನೋ ಹೇಳಹೋದ. "ಸುಮ್ನಿರಿ," ಎಂದಳು ಪಟಾಕಿ.

"ಮನೆಯೊಳಗಿನ ಪೈಪ್ ಅನ್ನೋಣ ಅಂದ್ರೆ, ನೀರನ್ನ ಹೊರಗಡೆಯೇ ಬಂದ್ ಮಾಡಿದ್ದಾರೆ. ನಲ್ಲಿ ತಿರುಗಿಸಿ ನೋಡಿ. ಅದೂ ಅಲ್ಲದೆ ನಿನ್ನೆ ಸಂಜೆ ಇದೇ ಗೋಡೆ ಒಣಗಿತ್ತು. ನಿಜವಾದ ಸೋರಿಕೆ ಸಂಜೆ ರಜೆ ಹಾಕಲ್ಲ ಸಾಹೇಬರೇ. ಮನೆ ತೋರಿಸೋ ಬೆಳಗ್ಗೆ ಮಾತ್ರ, ನಿಂತೋರ ಕೈ ಎಟುಕೋ ಎತ್ತರದಿಂದ ಮಾತ್ರ ಸೋರುತ್ತೆ ಅಂದ್ರೆ, ನೀರು ಹೊರಗಿಂದ ಬಂದಿದೆ, ಯಾರೋ ಎರಚಿದ್ದಾರೆ."

"ಕೀ ಮ್ಯಾನೇಜರ್ ಹತ್ರ ಇರುತ್ತಲ್ಲ?" ಎಂದರು ಸಾಹೇಬರು.

"ಇರುತ್ತೆ. ಮನೆ ತೋರಿಸೋ ದಿನ ನಿಮ್ಮ ಕಚೇರಿಯವರ ಕೈಗೂ ಬರುತ್ತೆ. ನಾನೂ ಮೊದಲು ಮ್ಯಾನೇಜರೇ ಅಂದ್ಕೊಂಡೆ. ಆದ್ರೆ ಇವರು ನಿನ್ನೆ ಪ್ರಾಮಾಣಿಕವಾಗಿ ಒಂದು ಮಾತು ಹೇಳಿದ್ರು, ಬಹುಶಃ ಅದೊಂದೇ. ಬಣ್ಣ ಹೊಡೆದ ಮೇಲೆ ಈ ಕಿಟಕಿಗಳನ್ನ ಯಾರೂ ತೆಗೆದಿಲ್ಲ ಅಂತ. ಬನ್ನಿ, ನೋಡಿ. ಅಂಚಿಗೆ ಬಣ್ಣದ ಪೊರೆ ಎಲ್ಲೂ ಹರಿದಿಲ್ಲ. ಹಾಗಾದ್ರೆ ಪ್ರತಿ ಸಲ ಮೊದಲೇ ಬಂದು ಕಿಟಕಿ ತೆಗೀತೀನಿ ಅನ್ನೋರು ಒಳಗೆ ಒಬ್ಬರೇ ಏನು ಮಾಡ್ತಿದ್ರು?" ಅವರು ಅಟ್ಟಕ್ಕೆ ಕೈಹಾಕಿ, ನೀರು ತೊಟ್ಟಿಕ್ಕುವ, ಬೂಸ್ಟು ಹಿಡಿದ ಗೋಣಿಚೀಲವನ್ನು ಎಳೆದು ನೆಲಕ್ಕೆ ಹಾಕಿದರು. "ವಾಸನೆ ಇದರದ್ದು. ನಿನ್ನೆಯೂ ಇಲ್ಲೇ ಇತ್ತು. ಆದ್ರೆ ಈ ಅಕ್ಕ ತಪ್ಪಿಸಿಕೊಳ್ಳೋಕಾಗದೆ ಇದ್ದದ್ದು ಬಾಟ್ಲಿಯಿಂದ. ಮಗು ಕೆಮ್ಮಿದ ತಕ್ಷಣ ಕೈ ತಾನಾಗೇ ಬಾಟ್ಲಿ ತೆಗೀತು. ಒಳ್ಳೇ ಕೈ ಅದು. ಆಗ್ಲೇ ಅದು ಖಾಲಿ ಅನ್ನೋದು ನೆನಪಾದದ್ದು."

ಪಟಾಕಿ ಬೈಗುಳಗಳನ್ನು ಮಸೆದಿಟ್ಟುಕೊಂಡಿದ್ದಳು. ಆದರೆ ಅಕ್ಕ ಗೋಡೆಗೆ ಒರಗಿ ಕುಕ್ಕರಿಸಿದ್ದು ಕಂಡು ಒಂದೂ ಬಾಯಿಗೆ ಬರಲಿಲ್ಲ.

"ಯಾಕಮ್ಮ?" ಎಂದರು ಸರ್ವೇಯರಮ್ಮ. "ನಿಮಗೆ ಈ ಮನೆ ಕೊಡ್ತೀನಿ ಅಂತ ಮಾತು ಕೊಟ್ಟಿದ್ರಾ ಈ ಮ್ಯಾನೇಜರ್? ನಿನ್ನೆ ಸಂಜೆ ಇದೇ ಮನೆಯನ್ನ ನಮಗೆ ಕೊಡ್ತೀನಿ ಅಂದ್ರು. ಒಬ್ರಿಗೆ ಮಾತು ಕೊಟ್ಟಿದ್ದೆ, ಅದು ಬಿಡಿ, ಅವರು ಕೊಡೋದು ಅಷ್ಟಕ್ಕಷ್ಟೇ, ಅಂದ್ರು."

ಅಕ್ಕ ಮ್ಯಾನೇಜರನ ಮುಖವನ್ನೇ ನೋಡಿದಳು. ಅವನು ನೆಲ ನೋಡಿದ. ಆಮೇಲೆ ಅವಳ ಮಾತು ಕಟ್ಟೆಯೊಡೆದು ಬಂತು.

"ನನ್ನ ಕೈಯಿಂದ ಎಷ್ಟೋ ಸಂಸಾರಕ್ಕೆ ಮನೆ ಆಗಿದೆ. ನನಗಿಲ್ಲ. ಸರದಿಗೆ ಸೇರೋಕೆ ನನ್ನ ಸಂಬಳ ಒಂಚೂರು ಜಾಸ್ತಿ, ಹೊರಗೆ ಬಾಡಿಗೆ ಕೊಡೋಕೆ ತುಂಬಾ ಕಮ್ಮಿ. ನಮ್ಮ ಮನೆ ಓನರ್ ಸಾಮಾನು ಬೀದಿಗೆ ಹಾಕ್ತೀನಿ ಅಂತಿದ್ದಾನೆ. ಮೂರು ಜನ ಬೇಡ ಅನ್ನೋ ಹಾಗೆ ಮಾಡು, ನಿನಗೆ ಕಮ್ಮಿಗೆ ಕೊಡಿಸ್ತೀನಿ ಅಂದ ಇವನು. ಗೋಣಿ ತಂದುಕೊಟ್ಟಿದ್ದೂ ಇವನೇ."

"ನಾನೇನು ಮಾಡ್ದೆ?" ಎಂದ ಮ್ಯಾನೇಜರ್. "ಒಂದು ಹನಿ ನೀರು ಮುಟ್ಟಿಲ್ಲ ನಾನು."

ಆಗ ಪಟಾಕಿಗೆ ಬೆಂಕಿ ತಗುಲಿತು. "ಥೂ ನಿನ್ನ! ಮನೆ ಇಲ್ಲದವಳ ಕೈಗೆ ಗೋಣಿ ಕೊಟ್ಟು ಮನೆ ಇಲ್ಲದವಳ ಮಗೂನ ಉಸಿರುಗಟ್ಟಿಸಿದ್ದೀಯಲ್ಲೋ! ಹನಿ ಮುಟ್ಟಿಲ್ವಂತೆ! ಈ ಸಾಲಲ್ಲಿ ಇನ್ನೂ ಎಷ್ಟು ಮನೆ ಹೀಗೆ ಫ್ರೀ ಮಾಡ್ಕೊಂಡಿದ್ದೀಯ, ಬಾಯಿಬಿಡು!"

ಅವನು ಬಾಗಿಲ ಕಡೆಗೆ ಸರಿದ. ಸಾಹೇಬರು ಗಂಟಲು ಸರಿಪಡಿಸಿಕೊಂಡರು. "ಈ ಮಗುವಿನ ತಾಯಿಗೆ ಮನೆ ಕೊಡೋಣ. ಆದ್ರೆ ಮೊದಲಿನ ಇಬ್ಬರು ರೂಲ್ಸ್ ಪ್ರಕಾರ ಸರದಿ ಬಿಟ್ಟುಕೊಟ್ಟಾಗಿದೆ..."

"ಯಾವ ರೂಲ್ಸು ಸ್ವಾಮಿ?" ಪಟಾಕಿಯ ದನಿ ಮೇಲಿನ ಮಹಡಿಗೂ ಕೇಳಿಸಿತು. "ಒದ್ದೆ ಗೋಡೆ ಬೇಡ ಅಂದ್ರೆ ಬಾಲಕ್ಕೆ ಹೋಗು ಅನ್ನೋ ರೂಲ್ಸಾ? ಬಡವರಿಗೆ ಮೂಗಿಲ್ಲ ಅಂದ್ಕೊಂಡ್ರಾ ಅದನ್ನ ಬರೆದೋರು?"

"ನಾದಿನಿ ಕೂಗ್ತಾಳೆ, ನಾನು ಕೂಗಲ್ಲ," ಎಂದು ಸರ್ವೇಯರಮ್ಮ ಗೋಣಿಯನ್ನು ಎತ್ತಿಕೊಂಡರು. "ಇದನ್ನ ಹಿಡ್ಕೊಂಡು ನಿಮ್ಮ ಮೇಲಿನವರ ಟೇಬಲ್ ಮೇಲೆ ಇಟ್ಟು ಬರ್ತೀನಿ. ವಾಸನೆ ಅವರೂ ನೋಡ್ಲಿ."

ಸಾಹೇಬರು ಗೋಣಿಯನ್ನೂ ಅವರ ಮುಖವನ್ನೂ ನೋಡಿದರು. ಆ ಇಬ್ಬರನ್ನೂ ಸರದಿಯ ತಲೆಗೆ ತರುತ್ತೇನೆ, ಇಲ್ಲಿಯವರೆಗೆ ಬಿಟ್ಟುಕೊಟ್ಟ ಮನೆಗಳನ್ನೆಲ್ಲ ಇವತ್ತೇ ತೆರೆಸಿ ನೋಡುತ್ತೇನೆ ಎಂದರು. ಮ್ಯಾನೇಜರ್ ಹೊರಗೆ ಓಡಿ ನೀರಿನ ವಾಲ್ವ್ ತಿರುಗಿಸಿದ.

ಇಸ್ತ್ರಿಯವಳು ಮಗಳನ್ನು ಪಟಾಕಿಯ ಕೈಗೆ ಕೊಟ್ಟು, ಕಿಟಕಿಯ ಹತ್ತಿರ ಹೋಗಿ ಅಂಗೈಯಿಂದ ಒಂದು, ಎರಡು, ಮೂರು ಸಲ ಗುದ್ದಿದಳು. ಬಣ್ಣದ ಪೊರೆ ಚಟ್ಟನೆ ಹರಿದು ಕಿಟಕಿ ತೆರೆಯಿತು. ಗಾಳಿ ಒಳಗೆ ನುಗ್ಗಿತು. ಆಮೇಲೆ ಕುಕ್ಕರಿಸಿದ್ದ ಅಕ್ಕನ ಬ್ಯಾಗಿನಿಂದ ಬಾಟಲಿ ಎಳೆದುಕೊಂಡು ಬಚ್ಚಲಿಗೆ ಹೋದಳು. ತೊಳೆದು, ತುಂಬಿಸಿ ತಂದು, ಮಗಳಿಗೆ ಕುಡಿಸಿದಳು. ಬಾಟಲಿ ಮತ್ತೆ ಕತ್ತಿನವರೆಗೆ ತುಂಬಿಸಿ ಅಕ್ಕನ ಮಡಿಲಲ್ಲಿ ಇಟ್ಟಳು.

"ನಿಮಗೂ ಮನೆ ಸಿಗ್ಲಿ," ಎಂದಳು. ದನಿಯಲ್ಲಿ ಇದ್ದದ್ದು ಕರುಣೆಯಲ್ಲ, ಸಿಟ್ಟು. "ಆದ್ರೆ ಇನ್ನು ಮೇಲೆ ಯಾರ ಮಗೂಗೂ ಖಾಲಿ ಬಾಟ್ಲಿ ಹಿಡೀಬೇಡಿ."

ಅಕ್ಕ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ಪಟಾಕಿ ಮಗುವನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ನಿಂತಳು. ಅದರ ಉಸಿರು ನಿಧಾನವಾಗಿ ತಹಬಂದಿಗೆ ಬರುತ್ತಿತ್ತು.